‘ಕ’ ಎಲ್ಲಿ ಕಳೆದುಹೋಯಿತು?

ಪರದೆಯ ಮೇಲಿನ ಗಡಿಯಾರ ಓಡುತ್ತಿದೆ. 11 ಗಂಟೆ 26 ನಿಮಿಷ ಹೋಗಿ 27 ಆಯಿತು. ಪಾಸ್‌ವರ್ಡ್ ಕೇಳುವ ಚೌಕದೊಳಗೆ ಸಣ್ಣ ಗೀಟು ಮಿನುಗುತ್ತಲೇ ಇದೆ. ಟೈಪ್ ಮಾಡಿದರೆ ಮಾತ್ರ ಒಂದು ಚುಕ್ಕಿಯೂ ಮೂಡುತ್ತಿಲ್ಲ. ಮೌಸನ್ನು ಮೇಜಿನ ಮೇಲೆ ಎಷ್ಟು ಉಜ್ಜಿದರೂ ಬಾಣ ಪರದೆಯ ನಟ್ಟನಡುವೆ ಗೂಟ ಹೊಡೆದಂತೆ ನಿಂತಿದೆ. ಯಂತ್ರಕ್ಕೆ ಜೀವವಿದೆ, ಕಿವಿ ಮಾತ್ರ ಹೋಗಿದೆ.

ಈ ಚಿತ್ರವನ್ನು ಫರೀದಾಬಾದಿನ ಒಂದು ಮನೆಯಲ್ಲಿಟ್ಟು ನೋಡೋಣ. ಮನೆ ಕಲ್ಪನೆಯದು, ತೊಂದರೆ ನಿಜದ್ದು. ಅಪ್ಪನ ನೌಕರಿಗೆಂದು ಧಾರವಾಡದಿಂದ ಬಂದು ನೆಲೆಸಿದ ಕುಟುಂಬ, ಕಾಲೇಜಿಗೆ ಹೋಗುವ ಮಗ. ದೆಹಲಿ ಮೆಟ್ರೊದ ವಯಲೆಟ್ ಲೈನ್ 2015ರ ಸೆಪ್ಟೆಂಬರಿನಲ್ಲಿ ಫರೀದಾಬಾದಿಗೆ ಬಂದ ಮೇಲೆ ಬಾಟಾ ಚೌಕದಲ್ಲಿ ಹತ್ತಿ ಗಾಡಿ ಬದಲಿಸದೆ ನೆಹರೂ ಪ್ಲೇಸಿನಲ್ಲಿ ಇಳಿಯಬಹುದು. ಕಂಪ್ಯೂಟರ್ ಸಾಮಾನಿಗೆ ಇಡೀ ಉತ್ತರ ಭಾರತದಲ್ಲೇ ಹೆಸರಾದ ಪೇಟೆ ಅದು. ಹುಡುಗ ಅಲ್ಲಿಂದ ಯಾವುದೋ ಆಫೀಸು ಬಳಸಿ ಬಿಟ್ಟ ಡೆಸ್ಕ್‌ಟಾಪ್ ತಂದಿದ್ದಾನೆ, ಜತೆಗೆ ಅಗ್ಗದ ಕೀಬೋರ್ಡು, ಮೌಸು. ಲಿನಕ್ಸ್ ಹಾಕಿಕೊಂಡಿದ್ದಾನೆ. ಸಂಜೆ ಅಪ್‌ಡೇಟ್ ನಡೆಯುತ್ತಿದ್ದಾಗ ಕರೆಂಟು ಹೋಯಿತು. ಬಂದ ಮೇಲೆ ಈ ಸ್ಥಿತಿ. ಧಾರವಾಡದಲ್ಲಿರುವ ಚಿಕ್ಕಪ್ಪನಿಗೆ ಫೋನು ಹೋಗುತ್ತದೆ.

“ಕಾಕಾ, ಕೀಬೋರ್ಡ್ ಸತ್ತದ. ಮೌಸೂ ಸತ್ತದ.”

“ಎರಡೂ ಒಮ್ಮೆಲೇ ಹೆಂಗ ಸಾಯ್ತಾವೋ? ಮೊದಲ ಕ್ಯಾಪ್ಸ್ ಲಾಕ್ ಒತ್ತು. ದೀಪ ಹತ್ತತದೇನು?”

“ಇಲ್ಲ ಕಾಕಾ.”

“ಮಷೀನ್ ಬಂದ್ ಮಾಡಿ ಚಾಲೂ ಮಾಡು. ಶುರುವಿಗೆ ಯಾವ ಸಿಸ್ಟಮ್ ಬೇಕು ಅಂತ ಒಂದು ಪಟ್ಟಿ ಬರತದಲ್ಲ, ಅಲ್ಲೆ ಬಾಣದ ಗುಂಡಿ ಕೇಳತಾವೇನು ನೋಡು.”

“ಕೇಳತಾವ.”

“ಹಂಗಾದ್ರ ಕೀಬೋರ್ಡ್ ಸತ್ತಿಲ್ಲ ಬಿಡು.”

ಎರಡೇ ಪ್ರಶ್ನೆಯಲ್ಲಿ ಕಾಕಾ ಅರ್ಧ ಊರನ್ನು ಅನುಮಾನದ ಪಟ್ಟಿಯಿಂದ ತೆಗೆದುಹಾಕಿದ. ಕ್ಯಾಪ್ಸ್ ಲಾಕ್ ದೀಪದ ಗುಟ್ಟು ಬಹಳ ಮಂದಿಗೆ ಗೊತ್ತಿಲ್ಲ. ಗುಂಡಿ ಒತ್ತಿದಾಗ ಆ ದೀಪ ಹೊತ್ತಿಸುವುದು ಕೀಬೋರ್ಡ್ ಅಲ್ಲ, ಕಂಪ್ಯೂಟರ್. ಗುಂಡಿ ಒತ್ತಿದ ಸುದ್ದಿ ತಂತಿಯ ಮೂಲಕ ಒಳಗೆ ಹೋಗಬೇಕು, ಅದನ್ನು ಯಾರಾದರೂ ಓದಬೇಕು, ‘ದೀಪ ಹಚ್ಚು’ ಎಂಬ ಆಜ್ಞೆ ಅದೇ ತಂತಿಯಲ್ಲಿ ಮರಳಿ ಬರಬೇಕು. ದೀಪ ಹತ್ತಿತು ಅಂದರೆ ಹೋಗಿ ಬರುವ ದಾರಿ ಸರಿಯಿದೆ. ಲಾಗಿನ್ ಪರದೆಯಲ್ಲಿ ಹತ್ತಲಿಲ್ಲ, ಯಂತ್ರ ಶುರುವಾಗುವ ಪಟ್ಟಿಯಲ್ಲಿ ಬಾಣದ ಗುಂಡಿ ಕೆಲಸ ಮಾಡಿತು. ಹಾಗಿದ್ದರೆ ತಂತಿ, ಸಾಕೆಟ್ಟು, ಗುಂಡಿ, ರಬ್ಬರು ಎಲ್ಲ ಸರಿಯಿವೆ. ಸುದ್ದಿ ಕಳೆದುಹೋಗುತ್ತಿರುವುದು ಆಪರೇಟಿಂಗ್ ಸಿಸ್ಟಮ್ ಎದ್ದ ಮೇಲೆ, ಅದರೊಳಗೆ ಎಲ್ಲೋ ಒಂದು ಕಡೆ.

ಎಲ್ಲಿ ಅಂತ ಹುಡುಕಬೇಕಾದರೆ ಒಂದು ಅಕ್ಷರದ ಬೆನ್ನುಹತ್ತಿ ಹೋಗುವುದು ಒಳ್ಳೆಯದು. ‘ಕ’ವನ್ನೇ ಹಿಡಿಯೋಣ.

ಕೀಬೋರ್ಡಿನ ಪ್ಲಾಸ್ಟಿಕ್ ಬಿಚ್ಚಿದರೆ ಒಳಗೆ ಮೂರು ತೆಳು ಹಾಳೆ ಇರುತ್ತವೆ. ಮೇಲಿನದರಲ್ಲೂ ಕೆಳಗಿನದರಲ್ಲೂ ವಿದ್ಯುತ್ ಹರಿಯುವ ಗೆರೆಗಳನ್ನು ಶಾಯಿಯಂತೆ ಅಚ್ಚೊತ್ತಿರುತ್ತಾರೆ. ನಡುವಿನ ಹಾಳೆಯಲ್ಲಿ ಗುಂಡಿಗೊಂದು ತೂತು. ‘ಕೆ’ ಗುಂಡಿ ಒತ್ತಿದರೆ ರಬ್ಬರಿನ ಗುಮ್ಮಟ ಕುಸಿದು ಮೇಲಿನ ಗೆರೆ ತೂತಿನ ಮೂಲಕ ಕೆಳಗಿನ ಗೆರೆಯನ್ನು ಮುಟ್ಟುತ್ತದೆ. ನೂರಕ್ಕೂ ಹೆಚ್ಚು ಗುಂಡಿಗೆ ನೂರು ತಂತಿ ಎಳೆಯುವ ಬದಲು ಅಡ್ಡಗೆರೆ, ಉದ್ದಗೆರೆಗಳ ಚೌಕಳಿ ಮಾಡಿ, ಒಂದು ಪುಟ್ಟ ಚಿಪ್ಪು ಸಾಲುಸಾಲಾಗಿ ತಡಕಾಡುತ್ತ ‘ಯಾವ ಸಾಲು ಯಾವ ಸಾಲನ್ನು ಮುಟ್ಟಿದೆ’ ಎಂದು ನೋಡುತ್ತಿರುತ್ತದೆ. ಚಹಾ ಚೆಲ್ಲಿದ ಕೀಬೋರ್ಡಿನಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ನಾಲ್ಕಾರು ಗುಂಡಿ ಒಟ್ಟಿಗೆ ಕೈಕೊಡುವುದು ಇದೇ ಕಾರಣಕ್ಕೆ. ನಮ್ಮ ಕಣ್ಣಿಗೆ ಅವು ದೂರದೂರ, ಚಿಪ್ಪಿನ ಲೆಕ್ಕದಲ್ಲಿ ಒಂದೇ ಗೆರೆಯ ಮೇಲಿನವು. ಹಾಗೆ ಬಿಡಿಬಿಡಿ ಗುಂಡಿ ಸತ್ತರೆ ಸಾಫ್ಟ್‌ವೇರನ್ನು ಬೈಯುವುದು ಬೇಡ, ಹೊಸ ಕೀಬೋರ್ಡ್ ತರುವುದೇ ಸರಿ.

ಚಿಪ್ಪು ಈಗ ‘ಕೆ’ ಗುಂಡಿಗೆ ಒಂದು ಅಂಕಿ ಕೊಡುತ್ತದೆ: 14. ಯುಎಸ್‌ಬಿ ಜಗತ್ತಿನಲ್ಲಿ ‘ಎ’ ಅಂದರೆ 4, ‘ಬಿ’ ಅಂದರೆ 5, ಹಾಗೇ ಎಣಿಸುತ್ತ ಬಂದರೆ ‘ಕೆ’ 14. ಎಂಟು ಬೈಟಿನ ಒಂದು ಚೀಟಿ ಸಿದ್ಧವಾಗುತ್ತದೆ. ಮೊದಲ ಬೈಟಿನಲ್ಲಿ ಶಿಫ್ಟ್, ಕಂಟ್ರೋಲ್ ಮುಂತಾದವು ಒತ್ತಿವೆಯೇ ಎಂಬ ವಿವರ, ಎರಡನೆಯದು ಖಾಲಿ, ಉಳಿದ ಆರರಲ್ಲಿ ಆರು ಗುಂಡಿಗೆ ಜಾಗ. ಆದರೆ ಕೀಬೋರ್ಡ್ ತಾನಾಗಿ ಈ ಚೀಟಿಯನ್ನು ಕಳಿಸುವಂತಿಲ್ಲ. ಯುಎಸ್‌ಬಿಯಲ್ಲಿ ಕೇಳದೆ ಮಾತಾಡುವ ಹಕ್ಕು ಯಾವ ಸಾಧನಕ್ಕೂ ಇಲ್ಲ. ಕಂಪ್ಯೂಟರೇ ಪದೇಪದೇ ‘ಏನಾದರೂ ಇದೆಯಾ?’ ಎಂದು ವಿಚಾರಿಸುತ್ತಿರಬೇಕು; ನಿಧಾನಗತಿಯ ಕೀಬೋರ್ಡಾದರೆ ನಿಯಮದ ಪ್ರಕಾರ ಎರಡು ವಿಚಾರಣೆಗಳ ನಡುವೆ ಕನಿಷ್ಠ 10 ಮಿಲಿಸೆಕೆಂಡು.

ಚೀಟಿ ಕೊಡುವ ಮಾತು ಆಮೇಲಿನದು. ಮೊದಲು ಪರಿಚಯವಾಗಬೇಕು. ಕೀಬೋರ್ಡ್ ಸಿಕ್ಕಿಸಿದ ಕ್ಷಣ ಅದರೊಳಗಿನ 1.5 ಕಿಲೋಓಮಿನ ಒಂದು ರೆಸಿಸ್ಟರ್ ಎರಡು ಸಂದೇಶ ತಂತಿಗಳಲ್ಲಿ ಒಂದನ್ನು ಮೇಲಕ್ಕೆಳೆಯುತ್ತದೆ. ಯಾವ ತಂತಿಯ ವೋಲ್ಟೇಜು ಏರಿತು ಎಂಬುದರ ಮೇಲೆಯೇ ಬಂದಿರುವವನು ನಿಧಾನದವನೋ ವೇಗದವನೋ ಎಂದು ಕಂಪ್ಯೂಟರಿಗೆ ಗೊತ್ತಾಗುತ್ತದೆ. ಆಮೇಲೆ ಅದಕ್ಕೊಂದು ವಿಳಾಸ ಕೊಟ್ಟು ‘ನೀನು ಯಾರು’ ಎಂದು ಕೇಳುತ್ತದೆ. ತಯಾರಕರ ಸಂಖ್ಯೆ, ಮಾದರಿಯ ಸಂಖ್ಯೆ, ನಂತರ ತನ್ನ ವರ್ಗ: 3 ಅಂದರೆ ಮನುಷ್ಯರು ಕೈಯಾಡಿಸುವ ಸಾಧನ, ಅದರೊಳಗೆ 1 ಅಂದರೆ ಕೀಬೋರ್ಡ್, 2 ಅಂದರೆ ಮೌಸ್. ವಡೋದರಾದಲ್ಲಿ ಓದಿ ಅಮೆರಿಕಕ್ಕೆ ಹೋದ ಅಜಯ್ ಭಟ್ ಮತ್ತು ಇಂಟೆಲ್‌ನ ಅವರ ತಂಡ ಮುಂದೆ ನಿಂತು ರೂಪಿಸಿದ ಯುಎಸ್‌ಬಿ 1996ರಲ್ಲಿ ಹೊರಬಂದಾಗ ಅದರ ದೊಡ್ಡ ಆಕರ್ಷಣೆ ಈ ಪರಿಚಯ ಶಾಸ್ತ್ರವೇ ಆಗಿತ್ತು. ಅದಕ್ಕೂ ಮುಂಚಿನ ದುಂಡು ಪಿನ್ನಿನ ಪಿಎಸ್/2 ಕೀಬೋರ್ಡನ್ನು ಯಂತ್ರ ಓಡುತ್ತಿರುವಾಗ ಕಿತ್ತು ಸಿಕ್ಕಿಸುವುದಕ್ಕೆ ನಿಯಮದಲ್ಲಿ ಅವಕಾಶವೇ ಇರಲಿಲ್ಲ. ಆ ಕಾಲದ ಪಿಸಿಗಳು ಕೀಬೋರ್ಡ್ ಸಿಗದಿದ್ದರೆ ‘ಕೀಬೋರ್ಡ್ ಇಲ್ಲ, ಮುಂದುವರಿಯಲು ಎಫ್1 ಒತ್ತಿ’ ಎನ್ನುತ್ತಿದ್ದವು. ಅದನ್ನು ಬರೆದವರಿಗೆ ಹಾಸ್ಯಪ್ರಜ್ಞೆ ಇತ್ತೋ ಇಲ್ಲವೋ, ಓದಿದವರಿಗಂತೂ ಬಂತು.

ಇಲ್ಲಿಂದ ಮುಂದೆ ‘ಕ’ದ ಅಂಕಿ ಮತ್ತೆಮತ್ತೆ ಬದಲಾಗುತ್ತದೆ. ಲಿನಕ್ಸ್‌ನ ತಿರುಳಾದ ಕರ್ನೆಲ್ 14ನ್ನು 37 ಮಾಡುತ್ತದೆ. 37 ಎಲ್ಲಿಂದ ಬಂತು? ಐಬಿಎಂನ ಹಳೆಯ ಪಿಸಿ ಕೀಬೋರ್ಡಿನಲ್ಲಿ ‘ಕೆ’ ಗುಂಡಿಯ ಸಂಖ್ಯೆ ಅದೇ ಆಗಿತ್ತು. ಗುಂಡಿ ಹೋಯಿತು, ಸಂಖ್ಯೆ ಉಳಿಯಿತು. ಕರ್ನೆಲ್ ಪ್ರತಿಯೊಂದು ಸಾಧನಕ್ಕೂ ‘ಈವೆಂಟ್3’, ‘ಈವೆಂಟ್4’ ಎಂಬಂಥ ಹೆಸರಿನ ಕಡತ ತೆರೆದು ‘37 ಒತ್ತಿತು’, ‘37 ಬಿಟ್ಟಿತು’ ಎಂದು ಅದರಲ್ಲಿ ಸುರಿಯುತ್ತದೆ. ಯುನಿಕ್ಸ್ ಮನೆತನದಲ್ಲಿ ಎಲ್ಲವೂ ಕಡತವೇ. ಅಲ್ಲಿಂದ ಪರದೆಯ ಯಜಮಾನ, ಅಂದರೆ ಎಕ್ಸ್ ಸರ್ವರ್, ಅದನ್ನೆತ್ತಿಕೊಂಡು 8 ಕೂಡಿಸುತ್ತದೆ. 45 ಆಯಿತು. 1987ರಲ್ಲಿ ಬಂದ ಎಕ್ಸ್11ರ ನಿಯಮದಲ್ಲಿ ಗುಂಡಿಯ ಸಂಖ್ಯೆ 8ಕ್ಕಿಂತ ಕಡಿಮೆ ಇರಕೂಡದು. ಆ ಎಂಟರ ಸುಂಕ ಇವತ್ತಿಗೂ ಕಟ್ಟುತ್ತಿದ್ದೇವೆ. ಕೊನೆಗೆ ಭಾಷೆಯ ವಿನ್ಯಾಸ ಬರುತ್ತದೆ. 45 ಅಂದರೆ ಬೆರಳುಗಳು ವಿಶ್ರಮಿಸುವ ಸಾಲಿನ ಎಂಟನೇ ಗುಂಡಿ. ಇಂಗ್ಲಿಷ್ ವಿನ್ಯಾಸವಿದ್ದರೆ ಅಲ್ಲಿ ‘ಕೆ’. ಕನ್ನಡವಿದ್ದರೆ ‘ಕ’. ತಮಾಷೆಯೆಂದರೆ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲೂ ಕ ಅಲ್ಲೇ ಇದೆ, ಕೆ.ಪಿ. ರಾವ್ ಅವರ ವಿನ್ಯಾಸದಲ್ಲೂ ಅಲ್ಲೇ ಇದೆ. ಮಿಕ್ಕ ಎಷ್ಟೋ ಅಕ್ಷರಕ್ಕೆ ಜಗಳವಾಡುವ ಎರಡು ಪಂಗಡ ‘ಕ’ಕ್ಕೆ ಮಾತ್ರ ರಾಜಿಯಾಗಿವೆ.

ಕರ್ನೆಲ್ ಕಡತಕ್ಕೂ ಪರದೆಯ ಯಜಮಾನನಿಗೂ ನಡುವೆ ಒಂದು ಬಾಗಿಲಿದೆ. ಕರ್ನೆಲ್‌ಗೆ ಕೀಬೋರ್ಡ್ ಕಂಡಿತು ಅಂದಮಾತ್ರಕ್ಕೆ ಎಕ್ಸ್ ಸರ್ವರ್‌ಗೆ ಕಂಡಂತಾಗಲಿಲ್ಲ. ಯಾರಾದರೂ ಅದಕ್ಕೆ ಹೇಳಬೇಕು: ‘ಈವೆಂಟ್3 ಕೀಬೋರ್ಡು, ಈವೆಂಟ್4 ಮೌಸು, ಇವುಗಳನ್ನು ಈ ಚಾಲಕ ತಂತ್ರಾಂಶದಿಂದ ಓದು.’ ತಾನಾಗಿ ಆಗುತ್ತದೆ ಎಂದು ನಾವು ಹೇಳುವ ಕೆಲಸ ಪೂರಾ ಇಲ್ಲಿದೆ. ಕೀಬೋರ್ಡೂ ಮೌಸೂ ಒಟ್ಟಿಗೆ ಮೌನವಾದರೆ ಜಾಣರು ಮೊದಲು ನೋಡುವುದೂ ಇಲ್ಲಿಯೇ.

ಒಂದು ಕಾಲದಲ್ಲಿ ಅದನ್ನು ಹೇಳುತ್ತಿದ್ದವರು ಬಳಕೆದಾರರೇ. ಎಕ್ಸ್‌ಗೆಂದು ಒಂದು ಉದ್ದನೆಯ ಸಂರಚನಾ ಕಡತವಿತ್ತು. ಅದರಲ್ಲಿ ಮೌಸು ಯಾವ ಬಂದರಿನಲ್ಲಿದೆ, ಯಾವ ಭಾಷೆ ಮಾತಾಡುತ್ತದೆ, ಗಾಲಿ ತಿರುಗಿಸಿದರೆ ಏನೆಂದು ತಿಳಿಯಬೇಕು ಎಂದೆಲ್ಲ ಕೈಯಲ್ಲೇ ಬರೆಯಬೇಕು. ಗಾಲಿಯನ್ನು ಮೇಲಕ್ಕೆ ತಿರುಗಿಸುವುದು ‘4ನೇ ಗುಂಡಿ ಒತ್ತಿದಂತೆ’, ಕೆಳಕ್ಕೆ ತಿರುಗಿಸುವುದು ‘5ನೆಯದು ಒತ್ತಿದಂತೆ’ ಎಂಬ ಒಪ್ಪಂದ ಆಗಿನದು. ಒಮ್ಮೆ ಸರಿಯಾಗಿ ಬರೆದರೆ ವರ್ಷಗಟ್ಟಲೆ ನಡೆಯುತ್ತಿತ್ತು. ಬರೆಯುವುದೇ ಕಷ್ಟ.

ಕೈಬರಹದ ಈ ಕಾಲವನ್ನು ಮುಗಿಸಲು ಬಂದದ್ದು ‘ಹಾರ್ಡ್‌ವೇರ್ ಅಬ್‌ಸ್ಟ್ರಾಕ್ಷನ್ ಲೇಯರ್’, ಚಿಕ್ಕದಾಗಿ ಎಚ್‌ಎಎಲ್. ಬೆಂಗಳೂರಿನವರಿಗೆ ಎಚ್‌ಎಎಲ್ ಅಂದರೆ ವಿಮಾನ ಕಾರ್ಖಾನೆ. ಸಿನಿಮಾ ಪ್ರಿಯರಿಗೆ 1968ರ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ ಗಗನಯಾತ್ರಿಯ ಮಾತು ಕೇಳಲು ಒಪ್ಪದ ಕಂಪ್ಯೂಟರ್. ಮೂರನೆಯ ಎಚ್‌ಎಎಲ್‌ಗೆ ಎರಡನೆಯದರ ಗುಣ ಸ್ವಲ್ಪ ಬಂದಿತ್ತು ಎನ್ನಬೇಕು. 2003ರಲ್ಲಿ ಹ್ಯಾವೊಕ್ ಪೆನಿಂಗ್ಟನ್ ಬರೆದ ಒಂದು ಪ್ರಬಂಧದಿಂದ ಶುರುವಾದ ಯೋಜನೆ ಅದು. ಸಾಧನ ಸಿಕ್ಕಿಸಿದರೆ ಬಳಕೆದಾರ ಏನೂ ಮಾಡದೆ ಕೆಲಸ ಮಾಡಬೇಕು ಎಂಬುದು ಆಸೆ. ಡೇವಿಡ್ ಝೋಯ್ಟನ್ ಅದಕ್ಕೆ ರೂಪ ಕೊಟ್ಟರು. 2007ರ ಹೊತ್ತಿಗೆ ಎಕ್ಸ್ ಸರ್ವರ್ ಅದರ ಮಾತು ಕೇಳಲು ಕಲಿತಿತ್ತು.

2009ರ ಜನವರಿಯಲ್ಲಿ ಫ್ರೀಬಿಎಸ್‌ಡಿ ಬಳಸುವವರ ಸರದಿ ಬಂತು. ಬರ್ಕ್ಲಿ ಯುನಿಕ್ಸ್‌ನ ವಂಶದ, ಶಿಸ್ತಿಗೆ ಹೆಸರಾದ ವ್ಯವಸ್ಥೆ ಅದು. ಎಕ್ಸ್ ಸರ್ವರನ್ನು ಒಳಗೊಂಡ ಎಕ್ಸ್.ಆರ್ಗ್‌ನ 7.4ನೇ ಆವೃತ್ತಿ ಆ ತಿಂಗಳು ಅದಕ್ಕೆ ಬಂತು. ಅಪ್‌ಗ್ರೇಡ್ ಮಾಡಿದವರಲ್ಲಿ ಅನೇಕರು ಮುಂದಿನ ಸಲ ಡೆಸ್ಕ್‌ಟಾಪ್ ಎಬ್ಬಿಸಿದಾಗ ಕಂಡದ್ದು ನಮ್ಮ ಫರೀದಾಬಾದ್ ಹುಡುಗ ಕಂಡದ್ದನ್ನೇ. ಚಿತ್ರ ಸುಂದರವಾಗಿ ಮೂಡಿತ್ತು. ಕೀಬೋರ್ಡಿಲ್ಲ, ಮೌಸಿಲ್ಲ.

ಅವರನ್ನು ಹೆಚ್ಚು ಕಾಡಿದ್ದು ಕೀಬೋರ್ಡ್ ಹೋದದ್ದಕ್ಕಿಂತ ತಾವು ಬರೆದಿಟ್ಟದ್ದನ್ನು ಯಂತ್ರ ಕಣ್ಣೆತ್ತಿಯೂ ನೋಡದ್ದು. ‘ನನ್ನ ಕಡತದಲ್ಲಿ ಎಲ್ಲ ಸರಿಯಾಗಿದೆ, ನಿನ್ನೆಯವರೆಗೆ ನಡೆಯುತ್ತಿತ್ತು!’ ಹೊಸ ಸರ್ವರ್‌ನ ವಾದ ಬೇರೆ. ಸಾಧನಗಳನ್ನು ತಾನಾಗಿ ಸೇರಿಸಿಕೊಳ್ಳುವ ಸೌಲಭ್ಯ ಚಾಲೂ ಇದ್ದರೆ ಕಡತದಲ್ಲಿ ಬರೆದ ಹಳೆಯ ಕೀಬೋರ್ಡ್, ಮೌಸ್ ಚಾಲಕಗಳನ್ನು ಬದಿಗೆ ಸರಿಸಬೇಕು, ಇಲ್ಲದಿದ್ದರೆ ಒಂದೇ ಸಾಧನ ಎರಡೆರಡು ಸಲ ಸೇರಿಕೊಂಡು ಒಂದು ಒತ್ತಿಗೆ ಎರಡು ಅಕ್ಷರ ಬರುತ್ತದೆ. ವಾದ ಸರಿಯೇ. ಆದರೆ ಸಾಧನಗಳ ಪಟ್ಟಿ ಕೊಡಬೇಕಾದ ಎಚ್‌ಎಎಲ್ ಸೇವೆ ಎಷ್ಟೋ ಯಂತ್ರಗಳಲ್ಲಿ ಚಾಲೂ ಆಗಿರಲೇ ಇಲ್ಲ. ಅದನ್ನೂ ಅದರ ಜತೆಗಾರ ‘ಡಿ-ಬಸ್’ ಎಂಬ ಸಂದೇಶವಾಹಕವನ್ನೂ ಶುರು ಮಾಡುವಂತೆ ಎರಡು ಸಾಲು ಬೇರೊಂದು ಕಡತದಲ್ಲಿ ಬರೆಯಬೇಕಿತ್ತು. ಒಬ್ಬನ ಮಾತು ಕೇಳಬಾರದೆಂದು ತೀರ್ಮಾನಿಸಿದ ಸರ್ವರ್, ಇನ್ನೊಬ್ಬ ಬಂದೇ ಬರುತ್ತಾನೆಂದು ಕಾದು ಕೂತಿತು. ‘ಸಾಧನವೇ ಇಲ್ಲದಿದ್ದರೂ ಪರವಾಗಿಲ್ಲ’ ಎಂಬ ಅನುಮತಿಯೂ ಪೂರ್ವನಿಯೋಜಿತವಾಗಿ ಇದ್ದುದರಿಂದ ಅದು ದೋಷದ ಸಂದೇಶ ಕೊಟ್ಟು ನಿಲ್ಲಲಿಲ್ಲ, ನಿರಾಳವಾಗಿ ಚಿತ್ರ ಬಿಡಿಸಿತು.

ಪರಿಹಾರ ಎರಡಿದ್ದವು. ಆ ಎರಡು ಸಾಲು ಸೇರಿಸಿ ಹೊಸ ಪದ್ಧತಿಗೆ ಒಪ್ಪಿಕೊಳ್ಳುವುದು, ಇಲ್ಲವೇ ‘ಸಾಧನಗಳನ್ನು ನೀನಾಗಿ ಸೇರಿಸಬೇಡ’ ಎಂದು ಒಂದು ಸಾಲು ಬರೆದು ಹಳೆಯದಕ್ಕೆ ಮರಳುವುದು. ಅಪ್‌ಗ್ರೇಡಿಗೆ ಮುಂಚೆ ಓದಲೇಬೇಕು ಎಂದು ಫ್ರೀಬಿಎಸ್‌ಡಿಯವರು ಇಟ್ಟಿದ್ದ ಟಿಪ್ಪಣಿ ಕಡತದಲ್ಲಿ ಈ ಬದಲಾವಣೆಯ ಎಚ್ಚರಿಕೆ ಇತ್ತು. ಅಂಥ ಕಡತಗಳನ್ನು ಜನ ಓದುವುದು ಯಾವಾಗ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಕೀಬೋರ್ಡ್ ವಿನ್ಯಾಸ ಬದಲಿಸಬೇಕಾದರೆ ಎಚ್‌ಎಎಲ್‌ಗೆ ಕೋನಾಕಾರದ ಆವರಣಗಳೇ ತುಂಬಿದ ಎಕ್ಸ್‌ಎಂಎಲ್ ಭಾಷೆಯಲ್ಲಿ ಹೇಳಬೇಕಿತ್ತು ಎಂಬುದು ಗಾಯದ ಮೇಲಿನ ಉಪ್ಪು. ಬಳಕೆದಾರರಿಗೆ ಸಿಟ್ಟು ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಅದೇ ಹೊತ್ತಿನಲ್ಲಿ ಲಿನಕ್ಸ್ ಕಡೆಯ ಇನ್ನೊಂದು ಪ್ರಸಂಗ ಇದಕ್ಕಿಂತ ಮಜವಾಗಿದೆ. ಅಪ್‌ಗ್ರೇಡ್ ಆದ ಮೇಲೆ ಕೆಲವರಿಗೆ ಅಕ್ಷರಗಳೆಲ್ಲ ಸರಿಯಾಗಿ ಬರುತ್ತಿದ್ದವು. ಮೇಲಿನ ಬಾಣದ ಗುಂಡಿ ಒತ್ತಿದರೆ ಮಾತ್ರ ಪರದೆಯ ಫೋಟೊ ತೆಗೆಯುವ ಕಿಟಕಿ ತೆರೆಯುತ್ತಿತ್ತು! ಕಾರಣ ಅಂಕಿಗಳಲ್ಲಿದೆ. ಕರ್ನೆಲ್‌ನಲ್ಲಿ ಮೇಲಿನ ಬಾಣ 103. ಎಂಟರ ಸುಂಕ ಸೇರಿದರೆ 111. ಹಳೆಯ ಚಾಲಕದ ಪಟ್ಟಿಯಲ್ಲಿ ಮೇಲಿನ ಬಾಣ 98, 111 ಅಂದರೆ ಪ್ರಿಂಟ್ ಸ್ಕ್ರೀನ್. ಚಾಲಕ ಹೊಸದು, ಓದುವ ಪಟ್ಟಿ ಹಳೆಯದು. ಅಕ್ಷರಗಳ ಅಂಕಿ ಎರಡರಲ್ಲೂ ಒಂದೇ ಆದ್ದರಿಂದ ಯಾರಿಗೂ ಬೇಗ ಅನುಮಾನ ಬರಲಿಲ್ಲ. ಇಡೀ ಕೀಬೋರ್ಡ್ ಸರಿಯಿದ್ದು ಬಾಣ, ಹೋಮ್, ಡಿಲೀಟ್‌ನಂಥವು ಮಾತ್ರ ಹುಚ್ಚಾಟವಾಡಿದರೆ ಪಟ್ಟಿ ಅದಲುಬದಲಾಗಿದೆ ಎಂದು ಹೇಳಬಹುದು.

ಎಚ್‌ಎಎಲ್ ಹೆಚ್ಚು ಕಾಲ ಬಾಳಲಿಲ್ಲ. ಎಲ್ಲ ಸಾಧನಗಳ ಜವಾಬ್ದಾರಿಯನ್ನೂ ಒಂದೇ ತಲೆಯ ಮೇಲೆ ಹೊತ್ತದ್ದರಿಂದ ನಿಭಾಯಿಸಲಾಗದೆ ಅದನ್ನು ಕಟ್ಟಿದವರೇ ಕೈಬಿಟ್ಟರು. 2010ರ ಏಪ್ರಿಲ್‌ನಲ್ಲಿ ಬಂದ ಎಕ್ಸ್ ಸರ್ವರ್ 1.8, ಲಿನಕ್ಸ್‌ನಲ್ಲಿ ಯುಡೆವ್ ಎಂಬ ಚಿಕ್ಕ, ಚುರುಕಿನ ಸೇವೆಯ ಕಡೆ ವಾಲಿತು. ಕರ್ನೆಲ್ ಹೊಸ ಸಾಧನ ಕಂಡಾಗ ಯುಡೆವ್ ಅದರ ಹಣೆಗೆ ಚೀಟಿ ಅಂಟಿಸುತ್ತದೆ: ‘ಇದು ಕೀಬೋರ್ಡ್’, ‘ಇದು ಮೌಸ್’, ‘ಇದು ಟಚ್‌ಪ್ಯಾಡ್’. 2015ರಿಂದೀಚೆಗೆ ಆ ಚೀಟಿ ನೋಡಿ ಸಾಧನವನ್ನು ಓದುವ ಕೆಲಸ ಬಹುಮಟ್ಟಿಗೆ ಲಿಬ್‌ಇನ್‌ಪುಟ್ ಎಂಬ ಗ್ರಂಥಾಲಯದ್ದು. ಚೀಟಿ ತಪ್ಪಾದರೆ? ಒಂದು ಪ್ರಸಿದ್ಧ ಕಂಪನಿಯ ಕೀಬೋರ್ಡುಗಳು ತಮ್ಮ ಪರಿಚಯ ಪತ್ರದಲ್ಲಿ ಇಲ್ಲದ ಅಂಗಗಳನ್ನೆಲ್ಲ ಬರೆದುಕೊಂಡು, ಲಿನಕ್ಸ್ ಅವನ್ನು ಆಟದ ಜಾಯ್‌ಸ್ಟಿಕ್ ಎಂದು ಭಾವಿಸಿದ್ದುಂಟು. ಜಾತಕದಲ್ಲಿ ಬರೆದದ್ದನ್ನೇ ನಂಬಿ ಮದುವೆ ಮಾಡಿದರೆ ಆಗುವ ಪಾಡು.

ಎಲ್ಲ ಮೌನವೂ ತಪ್ಪಲ್ಲ. ಶಿಫ್ಟ್ ಗುಂಡಿಯನ್ನು ಎಂಟು ಸೆಕೆಂಡು ಒತ್ತಿ ಹಿಡಿದರೆ ‘ನಿಧಾನ ಗುಂಡಿ’ ಎಂಬ ಸೌಲಭ್ಯ ಚಾಲೂ ಆಗಬಹುದು. ಕೈ ನಡುಗುವವರಿಗೆ ಅನುಕೂಲವಾಗಲೆಂದು ಮಾಡಿದ್ದದು; ಆಮೇಲೆ ಗುಂಡಿಯನ್ನು ಒಂದಷ್ಟು ಹೊತ್ತು ಅದುಮಿ ಹಿಡಿಯದಿದ್ದರೆ ಅಕ್ಷರ ಬರುವುದಿಲ್ಲ. ಪುಸ್ತಕದ ಅಂಚೋ ಮೊಣಕೈಯೋ ಶಿಫ್ಟ್ ಮೇಲೆ ಕೂತು, ಕೀಬೋರ್ಡ್ ಸತ್ತಿತೆಂದು ಅಂಗಡಿಗೆ ಒಯ್ದವರಿರುತ್ತಾರೆ. ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುವಾಗ ಟಚ್‌ಪ್ಯಾಡ್ ಕಿವುಡಾಗುವುದೂ ಹೀಗೇ ಬೇಕೆಂದೇ ಮಾಡಿದ್ದು. ಇಲ್ಲವಾದರೆ ಅಂಗೈ ತಗುಲಿ ಬರಹದ ನಡುವೆ ಬಾಣ ಎಗರಾಡುತ್ತದೆ.

ತಂತಿಯಿಲ್ಲದ ಮೌಸಿನ ತಕರಾರು ಬಹಳ ಸಲ ಭೌತಶಾಸ್ತ್ರದ್ದು. ಅದರ ಪುಟ್ಟ ರಿಸೀವರ್ ಮಾತಾಡುವುದು 2.4 ಗಿಗಾಹರ್ಟ್ಸ್ ಅಲೆಯಲ್ಲಿ. ನೀಲಿ ಬಾಯಿಯ ಯುಎಸ್‌ಬಿ 3.0 ಸಾಕೆಟ್ಟಿನಲ್ಲಿ ಪೆನ್‌ಡ್ರೈವೋ ಹಾರ್ಡ್‌ಡಿಸ್ಕೋ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಓಡುವಾಗ ಹೊರಡುವ ರೇಡಿಯೊ ಗದ್ದಲ ಅದೇ ಅಲೆಯ ಆಸುಪಾಸಿಗೆ ಬೀಳುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಅಳತೆ ಮಾಡಿ ಇದನ್ನು ಪ್ರಕಟಿಸಿತು. ದೊಡ್ಡ ಕಡತ ನಕಲಾಗುವಾಗ ಮಾತ್ರ ಮೌಸು ತಡವರಿಸಿದರೆ ಯಾವ ಚಾಲಕವನ್ನೂ ಬದಲಿಸಬೇಕಿಲ್ಲ; ರಿಸೀವರನ್ನು ಒಂದು ಎಕ್ಸ್‌ಟೆನ್ಶನ್ ವೈರಿನ ತುದಿಗೆ ಹಾಕಿ ಮೌಸಿನ ಹತ್ತಿರ ಇಟ್ಟರಾಯಿತು. ಇನ್ನು ಕೆಲವು ಮೌಸು ಎರಡು ಸೆಕೆಂಡು ಸುಮ್ಮನಿದ್ದರೆ ನಿದ್ದೆಗೆ ಜಾರಿ, ಮೊದಲ ಕ್ಲಿಕ್ಕನ್ನು ಎಚ್ಚರಾಗಲು ಬಳಸಿಕೊಂಡುಬಿಡುತ್ತವೆ. ವಿದ್ಯುತ್ ಉಳಿಸುವ ತಂತ್ರಾಂಶವೊಂದನ್ನು ಉತ್ಸಾಹದಿಂದ ಹಾಕಿಕೊಂಡವರ ಮನೆಯ ಕಥೆ ಅದು.

‘ಸಾಧನವೇ ಇಲ್ಲದಿದ್ದರೂ ಪರವಾಗಿಲ್ಲ’ ಎಂಬ ಆ ಅನುಮತಿ ಎಕ್ಸ್ ಸರ್ವರಿಗೆ ಏಕೆ ಬೇಕಿತ್ತು ಎಂದು ಯಾರಾದರೂ ಕೇಳಬಹುದು. ಉತ್ತರ ಫರೀದಾಬಾದಿನಲ್ಲೇ ಇದೆ. ಇಲ್ಲಿನ ರೀಜನಲ್ ಸೆಂಟರ್ ಫಾರ್ ಬಯೋಟೆಕ್ನಾಲಜಿಯಲ್ಲಿ 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಇಂಡಿಯನ್ ಬಯಾಲಜಿಕಲ್ ಡೇಟಾ ಸೆಂಟರ್ ಸುಮಾರು 4 ಪೆಟಾಬೈಟ್ ಮಾಹಿತಿ ಹಿಡಿಯಬಲ್ಲದು. ‘ಬ್ರಹ್ಮ್’ ಎಂಬ ಮಹಾಗಣಕವೂ ಅಲ್ಲಿದೆ. ಇಂಥ ಕಡೆ ಕಪಾಟಿನಲ್ಲಿ ಪೇರಿಸಿಟ್ಟ ಒಂದೊಂದು ಯಂತ್ರದ ಮುಂದೆಯೂ ಕೀಬೋರ್ಡ್ ಹಿಡಿದು ಯಾರೂ ಕೂರುವುದಿಲ್ಲ. ನೆಟ್‌ವರ್ಕಿನ ಮೂಲಕ ದೂರದಿಂದಲೇ ಆಜ್ಞೆ ಕಳಿಸುತ್ತಾರೆ. ಯುನಿಕ್ಸ್ ಹುಟ್ಟಿದ್ದೇ ಗೋಡೆಯಾಚೆಯ ಟೆಲಿಟೈಪಿನಲ್ಲಿ ಕೂತು ಕುಟ್ಟುವವರಿಗಾಗಿ. ಈಗಲೂ ಅದರ ಟರ್ಮಿನಲ್‌ಗಳ ಹೆಸರು ‘ಟಿಟಿವೈ’, ಟೆಲಿಟೈಪಿನ ಅಸ್ಥಿಪಂಜರ. ಮನೆಯ ಯಂತ್ರ ಕಿವುಡಾದಾಗಲೂ ಈ ಗುಣ ಕೈಹಿಡಿಯುತ್ತದೆ. ದೂರದಿಂದ ಒಳಬರಲು ಬಿಡುವ ಎಸ್‌ಎಸ್‌ಎಚ್ ಸೇವೆಯನ್ನು ಮುಂಚೆಯೇ ಚಾಲೂ ಇಟ್ಟಿದ್ದರೆ ಮೊಬೈಲಿನಿಂದಲೇ ಒಳಹೊಕ್ಕು ರಿಪೇರಿ ಮಾಡಬಹುದು.

ಹುಡುಗ ಅದನ್ನು ಚಾಲೂ ಇಟ್ಟಿರಲಿಲ್ಲ. ಇಡುವವರು ಕಡಿಮೆ.

“ಆಲ್ಟ್ ಜೊತಿ ಸಿಸ್‌ರಿಕ್ವೆಸ್ಟ್ ಹಿಡಕೊಂಡು ಆರ್ ಒತ್ತು,” ಎಂದ ಕಾಕಾ. ಈ ಮೂರು ಗುಂಡಿಗಳ ಕೂಟವನ್ನು ಪರದೆಯ ಯಜಮಾನನಿಗೆ ತೋರಿಸದೆ ಕರ್ನೆಲ್ ತಾನೇ ನೇರ ಕೇಳಿಸಿಕೊಳ್ಳುತ್ತದೆ. ‘ಕೀಬೋರ್ಡನ್ನು ಎಕ್ಸ್ ಸರ್ವರಿನ ಕೈಯಿಂದ ಕಿತ್ತುಕೊಡು’ ಎಂದು ಅದರ ಅರ್ಥ. ಕೆಲವು ಲಿನಕ್ಸ್ ಆವೃತ್ತಿಗಳು ಸುರಕ್ಷತೆಗೆಂದು ಅದನ್ನು ತಡೆದಿರುತ್ತವೆ.

“ಏನೂ ಆಗವಲ್ದು ಕಾಕಾ.”

“ಇರಲಿ. ತಿರುಗಿ ಬಂದ್ ಮಾಡಿ ಚಾಲೂ ಮಾಡು, ಆ ಪಟ್ಟಿಯೊಳಗ ರಿಕವರಿ ಅಂತ ಇರತದ, ಅದನ್ನ ಆರಿಸು.”

ರಿಕವರಿ ಅಂದರೆ ಚಿತ್ರಗಳಿಲ್ಲದ ಕಪ್ಪು ಪರದೆ. ಅಲ್ಲಿ ಕರ್ನೆಲ್ ಕೀಬೋರ್ಡನ್ನು ತಾನೇ ಓದುತ್ತದೆ, ನಡುವೆ ದಲ್ಲಾಳಿ ಇಲ್ಲ. ಕ್ಯಾಪ್ಸ್ ಲಾಕ್ ಒತ್ತಿದರೆ ದೀಪ ಥಟ್ಟನೆ ಹತ್ತಿತು. ಅಂದರೆ 14, 37 ಆಗುವವರೆಗೆ ದಾರಿ ಸಾಫ್. ಕೆಟ್ಟದ್ದು 37ಕ್ಕೂ 45ಕ್ಕೂ ನಡುವೆ. ಇನ್ನು ಊಹೆ ಬೇಕಿಲ್ಲ. ಎಕ್ಸ್ ಸರ್ವರ್ ತನ್ನ ದಿನಚರಿಯನ್ನು ಒಂದು ಲಾಗ್ ಕಡತದಲ್ಲಿ ಬರೆದಿಟ್ಟಿರುತ್ತದೆ. ಅದರಲ್ಲಿ ಬರೇ ಮಾಹಿತಿಯ ಸಾಲುಗಳ ಮೊದಲಿಗೆ ಎರಡು ‘ಐ’, ಎಚ್ಚರಿಕೆಗೆ ಎರಡು ‘ಡಬ್ಲ್ಯು’, ತಪ್ಪಿಗೆ ಎರಡು ‘ಇ’. ಹುಡುಗ ‘ಇ’ಗಳನ್ನು ಹುಡುಕಿ ಫೋನಿನಲ್ಲಿ ಓದಿದ. ಕೀಬೋರ್ಡನ್ನು ಸೇರಿಸಿಕೊಳ್ಳಲು ಹೊರಟೆ ಎಂದು ಒಂದು ಸಾಲು ಹೇಳುತ್ತದೆ. ಚಾಲಕದ ಆವೃತ್ತಿಯೂ ಸರ್ವರಿನ ಆವೃತ್ತಿಯೂ ಹೊಂದುವುದಿಲ್ಲ ಎನ್ನುತ್ತದೆ ಅದರ ಕೆಳಗಿನದು. ಮೌಸಿಗೂ ಅದೇ ಎರಡು ಸಾಲು.

ಸಂಜೆ ಕರೆಂಟು ಹೋದಾಗ ಎಕ್ಸ್ ಸರ್ವರ್ ಹೊಸದಾಗಿತ್ತು. ಅದರ ಜತೆ ಬರಬೇಕಿದ್ದ ಲಿಬ್‌ಇನ್‌ಪುಟ್ ಚಾಲಕ ಇನ್ನೂ ಹಳೆಯದೇ. ಸರ್ವರಿಗೂ ಚಾಲಕಕ್ಕೂ ನಡುವೆ ಒಂದು ಒಪ್ಪಂದದ ಸಂಖ್ಯೆ ಇರುತ್ತದೆ. ಅದು ಹೊಂದದಿದ್ದರೆ ಸರ್ವರ್ ಚಾಲಕವನ್ನು ಒಳಗೆ ಬಿಡುವುದಿಲ್ಲ, ಬಿಟ್ಟರೆ ತಾನೇ ಕುಸಿದು ಬೀಳಬಹುದು. ಕೀಬೋರ್ಡೂ ಮೌಸೂ ಒಂದೇ ಚಾಲಕದ ಮಕ್ಕಳಾದ್ದರಿಂದ ಎರಡೂ ಒಟ್ಟಿಗೆ ಹೊರಗುಳಿದವು. ಕಾಕಾ ಕೇಳಿದ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು.

ಅರ್ಧಕ್ಕೆ ನಿಂತ ಪ್ಯಾಕೇಜುಗಳನ್ನು ಪೂರ್ತಿಗೊಳಿಸುವ ಒಂದು ಆಜ್ಞೆ, ಉಳಿದದ್ದನ್ನು ತರಿಸುವ ಇನ್ನೊಂದು. ಇನ್‌ವರ್ಟರ್ ಕೆಂಪು ದೀಪ ತೋರಿಸುತ್ತಿದ್ದರೂ ಈ ಸಲ ಕರೆಂಟು ಹೋಗಲಿಲ್ಲ. ಹನ್ನೆರಡೂವರೆಗೆ ಪಾಸ್‌ವರ್ಡ್ ಚೌಕದಲ್ಲಿ ಚುಕ್ಕಿಗಳು ಸಾಲಾಗಿ ಮೂಡಿದವು.

ಒಂದು ಮಾತು ಬಾಕಿಯಿದೆ. ಹೊಸ ಡೆಸ್ಕ್‌ಟಾಪುಗಳಲ್ಲಿ ಎಕ್ಸ್ ಸರ್ವರಿನ ಜಾಗಕ್ಕೆ ವೇಲ್ಯಾಂಡ್ ಬಂದಿದೆ. 2016ರ ಫೆಡೋರಾ 25 ಅದನ್ನು ಮುಖ್ಯವಾಗಿ ಬಳಸಿದ ಮೊದಲ ದೊಡ್ಡ ಲಿನಕ್ಸ್‌ಗಳಲ್ಲಿ ಒಂದು. ಅಲ್ಲಿ ಕಿಟಕಿಗಳನ್ನು ಜೋಡಿಸುವ ತಂತ್ರಾಂಶವೇ ಲಿಬ್‌ಇನ್‌ಪುಟ್ ಮೂಲಕ ನೇರವಾಗಿ ಓದಿಕೊಳ್ಳುತ್ತದೆ. ಬೇರೆ ಚಾಲಕವಿಲ್ಲ, ಉದ್ದನೆಯ ಸಂರಚನಾ ಕಡತವೂ ಇಲ್ಲ. ಹಾಗಾಗಿ ಹಳೆಯ ಪುಸ್ತಕ ನೋಡಿ ಆ ಕಡತ ತಿದ್ದುತ್ತ ಕೂತವರು ರಾತ್ರಿಯಿಡೀ ಕೂತೇ ಇರುತ್ತಾರೆ. ಎಂಟರ ಸುಂಕ ಮಾತ್ರ ಅಲ್ಲಿಗೂ ಹೋಗಿದೆ.

ಮರುದಿನ ಪಕ್ಕದ ಮನೆಯ ಗೆಳೆಯ ತನ್ನ ಪ್ರಾಜೆಕ್ಟಿನ ಮುಖಪುಟವನ್ನು ಹಿಂದಿಯಲ್ಲಿ ಟೈಪ್ ಮಾಡಿಕೊಳ್ಳಲು ಬಂದ. ಹುಡುಗ ವಿನ್ಯಾಸಗಳ ಪಟ್ಟಿ ತೆರೆದು ಹಿಂದಿ ಹುಡುಕಿದ. ಸಿಕ್ಕಿದ್ದರಲ್ಲಿ ಒಂದರ ಹೆಸರು ‘ಹಿಂದಿ (ಕಗಪ, ಫೊನೆಟಿಕ್)’. ಕಗಪ ಅಂದರೆ ಕನ್ನಡ ಗಣಕ ಪರಿಷತ್ತು, ನುಡಿ ತಂತ್ರಾಂಶವನ್ನು ಹೊರತಂದ ಬೆಂಗಳೂರಿನ ಸಂಸ್ಥೆ. ಅದು ಬಳಕೆಗೆ ತಂದ ಧ್ವನ್ಯಾತ್ಮಕ ಮಾದರಿಯ ಹೆಸರು ಹೊತ್ತ ವಿನ್ಯಾಸಗಳು ಕನ್ನಡದ ಜತೆಗೆ ಹಿಂದಿ, ಸಂಸ್ಕೃತ, ಮರಾಠಿ, ತೆಲುಗಿಗೂ ಲಿನಕ್ಸ್‌ನ ಈ ಪಟ್ಟಿಯಲ್ಲಿವೆ. ಗೆಳೆಯ ‘ಕೆ’ ಒತ್ತಿದ. 14, 37, 45. ಪರದೆಯ ಮೇಲೆ ನಾಗರಿಯ ಕ ಬಂತು.

“ಈ ಕಗಪ ಅಂದರೆ ಏನು?” ಎಂದು ಅವನು ಹಿಂದಿಯಲ್ಲಿ ಕೇಳಿದ. ಹುಡುಗ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಹೋಯಿತು.